ತಾವರೆಯ ನೆಂಟರು: ಹೂ ಬಿಡುವ ಸಸ್ಯಗಳ ಲಕ್ಷಣ ಮತ್ತು ವರ್ಗೀಕರಣ

(ಹಾಸನದಲ್ಲಿ ಶಾಲಾ ಶಿಕ್ಷಕರು ಹಾಗೂ ಕಾಫಿ ಬೆಳೆಗಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರಿಗೆ ನಮಸ್ಕಾರ.

ನಮ್ಮ ಬಯಲು ಕಡೆಯ ಕೆರೆಗಳಲ್ಲಿ ತಾವರೆಯೂ ನೈದಿಲೆಯೂ ಒಂದೇ ನೀರಿನಲ್ಲಿ ಬೆಳೆಯುತ್ತವೆ. ಎರಡರ ಬುಡವೂ ಕೆಸರಿನಲ್ಲಿರುತ್ತದೆ. ಎರಡಕ್ಕೂ ಅಗಲವಾದ ದುಂಡನೆಯ ಎಲೆ, ಉದ್ದನೆಯ ತೊಟ್ಟು, ಸುತ್ತು ಸುತ್ತಾಗಿ ಜೋಡಿಸಿದ ಹತ್ತಾರು ದಳ, ನಡುವೆ ಎಣಿಸಲಾರದಷ್ಟು ಕೇಸರ. ಅಲ್ಲಿಂದ ಸಕಲೇಶಪುರದ ದಾರಿ ಹಿಡಿದು ಮಲೆನಾಡಿಗೆ ಹೋದರೆ ಕಾಫಿ ತೋಟಗಳ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತಿರುತ್ತವೆ. ಅದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದ ಎತ್ತರದ ಮರ, ಅದರ ಎಲೆ ಜರೀಗಿಡದ ಎಲೆಯಂತೆ ಸೀಳಿರುತ್ತದೆ, ಹೂಗೊಂಚಲು ಹೊಂಬಣ್ಣದ ಬಾಚಣಿಗೆಯ ಹಾಗೆ ಕಾಣುತ್ತದೆ. ಈ ಮೂರರಲ್ಲಿ ಯಾವ ಎರಡು ಪರಸ್ಪರ ಹತ್ತಿರದ ನೆಂಟರು ಎಂದು ಕೇಳಿದರೆ ಯಾರೇ ಆದರೂ ತಾವರೆ ಮತ್ತು ನೈದಿಲೆ ಎಂದೇ ಹೇಳುತ್ತಾರೆ. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಹೆಚ್ಚಿನ ಸಸ್ಯವಿಜ್ಞಾನಿಗಳು ಹೇಳಿದ್ದೂ ಅದನ್ನೇ. ಇಂದು ಅಂಗೀಕೃತವಾಗಿರುವ ಉತ್ತರ ಬೇರೆ: ತಾವರೆಯ ಹತ್ತಿರದ ನೆಂಟ ನೈದಿಲೆಯಲ್ಲ, ಸಿಲ್ವರ್ ಓಕ್. ಈ ಉತ್ತರಕ್ಕೆ ವಿಜ್ಞಾನ ಹೇಗೆ ತಲುಪಿತು ಎಂಬುದನ್ನು ವಿವರಿಸಿದರೆ ಹೂ ಬಿಡುವ ಸಸ್ಯಗಳ ಲಕ್ಷಣವನ್ನೂ ಅವುಗಳ ವರ್ಗೀಕರಣವನ್ನೂ ವಿವರಿಸಿದಂತೆಯೇ ಆಗುತ್ತದೆ.

ಮೊದಲು ಲಕ್ಷಣದ ಮಾತು. ಹೂ ಬಿಡುವ ಸಸ್ಯ ಎಂದ ಕೂಡಲೇ ಬಣ್ಣದ ದಳಗಳು ಕಣ್ಣ ಮುಂದೆ ಬರುತ್ತವೆ. ಆದರೆ ದಳ ಇಲ್ಲಿ ಮುಖ್ಯವಲ್ಲ. ರಾಗಿಯ ತೆನೆಯಲ್ಲಿ, ಮೆಣಸಿನ ಬಳ್ಳಿಯ ಗೆರೆಯಲ್ಲಿ, ಅತ್ತಿಯ ಕಾಯಿಯೊಳಗೆ ನೂರಾರು ಹೂಗಳಿದ್ದರೂ ಅವುಗಳಲ್ಲಿ ನಾವು ದಳವೆಂದು ಗುರುತಿಸುವ ವಸ್ತುವೇ ಇಲ್ಲ. ಈ ಸಸ್ಯಗಳನ್ನೆಲ್ಲ ಒಂದುಗೂಡಿಸುವ ಮೊದಲ ಲಕ್ಷಣವೆಂದರೆ ಬೀಜವಾಗಬೇಕಾದ ಅಂಡಕವು ಬಯಲಿಗೆ ಬೀಳದೆ ಕಾರ್ಪೆಲ್ ಎಂಬ ಮುಚ್ಚಿದ ಅಂಗದ ಒಳಗೆ, ಅಂದರೆ ಅಂಡಾಶಯದಲ್ಲಿ ಇರುವುದು; ಆದ್ದರಿಂದಲೇ ಇವನ್ನು ಆವೃತಬೀಜ ಸಸ್ಯಗಳು ಎನ್ನುತ್ತೇವೆ. ಪಶ್ಚಿಮ ಘಟ್ಟದ ಸೈಕಸ್ ಗಿಡದಲ್ಲಿ ಅಂಡಕಗಳು ಎಲೆಯನ್ನು ಹೋಲುವ ಅಂಗದ ಅಂಚಿನಲ್ಲಿ ಬತ್ತಲೆಯಾಗಿ ಕೂತಿರುತ್ತವೆ, ಪರಾಗವು ನೇರವಾಗಿ ಅಂಡಕವನ್ನೇ ಮುಟ್ಟುತ್ತದೆ. ಹೂ ಬಿಡುವ ಸಸ್ಯದಲ್ಲಿ ಹಾಗಾಗದು. ಪರಾಗವು ಶಲಾಕಾಗ್ರದ, ಅಂದರೆ ಕಾರ್ಪೆಲ್‌ನ ತುದಿಯ ಮೇಲೆ ಬಿದ್ದು, ಅಲ್ಲಿಂದ ನಾಳವೊಂದನ್ನು ಇಳಿಬಿಟ್ಟು, ತಾಯಿಗಿಡದ ಜೀವಕೋಶಗಳ ನಡುವೆ ದಾರಿ ಮಾಡಿಕೊಂಡು ಅಂಡಕಕ್ಕೆ ತಲುಪಬೇಕು. ಈ ದಾರಿಯಲ್ಲಿ ಬೇಡದ ಪರಾಗವನ್ನು ತಡೆಯುವ ಅವಕಾಶ ಗಿಡಕ್ಕೆ ದೊರೆಯುತ್ತದೆ. ರೊಬಸ್ಟಾ ಕಾಫಿಯ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟದು, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಅರೇಬಿಕಾ ಹೂವಾದರೋ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೂಮಳೆಯ ಮರುವಾರ ತೋಟ ಬೆಳ್ಳಗಾದಾಗ ಬೆಳೆಗಾರರು ಜೇನಿನ ಬರವಿಗೆ ಕಾಯುವುದು ರೊಬಸ್ಟಾದ ವಿಷಯದಲ್ಲಿ ಹೆಚ್ಚು ಅರ್ಥಪೂರ್ಣವಾಗುವುದು ಈ ಕಾರಣದಿಂದ.

ಎರಡನೆಯ ಲಕ್ಷಣ ಇನ್ನೂ ಸೂಕ್ಷ್ಮವಾದದ್ದು, ನನ್ನ ದೃಷ್ಟಿಯಲ್ಲಿ ಇಡೀ ಸಸ್ಯಲೋಕದ ಅತ್ಯಂತ ಸೋಜಿಗದ ಸಂಗತಿ. ಪರಾಗನಾಳವು ಒಂದಲ್ಲ, ಎರಡು ಪುರುಷ ಲಿಂಗಾಣುಗಳನ್ನು ಹೊತ್ತು ತರುತ್ತದೆ. ಒಂದು ಅಂಡಾಣುವಿನೊಂದಿಗೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಅಂಡಕದ ನಡುವಿನ ಎರಡು ಧ್ರುವ ಕೋಶಕೇಂದ್ರಗಳೊಂದಿಗೆ ಕೂಡಿ, ಮೂರು ಪಾಲು ವರ್ಣತಂತುಗಳುಳ್ಳ ಭ್ರೂಣಾಹಾರವೆಂಬ ಅಂಗಾಂಶವನ್ನು ಹುಟ್ಟುಹಾಕುತ್ತದೆ. ರಷ್ಯಾದ ಸೆರ್ಗೆಯ್ ನವಾಷಿನ್ 1898ರಲ್ಲಿ ಲಿಲ್ಲಿಯ ಕುಟುಂಬದ ಹೂಗಳಲ್ಲಿ ಈ ದ್ವಿನಿಷೇಚನವನ್ನು ಕಂಡುಹಿಡಿದರು. ಗಿಡವು ಕಾಯುವ ಮಗುವಿಗೆ ಬುತ್ತಿ ಕಟ್ಟುವುದು ನಿಷೇಚನವಾದದ್ದು ಖಚಿತವಾದ ಮೇಲೆ ಮಾತ್ರ. ವ್ಯರ್ಥವಾಗುವ ಅಂಡಕಕ್ಕೆ ಆಹಾರ ಸುರಿಯುವ ನಷ್ಟ ಅದಕ್ಕಿಲ್ಲ. ಆ ಬುತ್ತಿಯ ಮೇಲೆಯೇ ಮನುಷ್ಯಕುಲವೂ ನಿಂತಿದೆ. ರಾಗಿಯ ಹಿಟ್ಟಿನ ಬಹುಪಾಲು, ಅಕ್ಕಿಯ ಕಾಳು, ತೆಂಗಿನಕಾಯಿಯ ನೀರು ಮತ್ತು ತಿರುಳು ಇವೆಲ್ಲ ಭ್ರೂಣಾಹಾರವೇ. ನಾವು ಹುರಿದು ಪುಡಿ ಮಾಡಿ ಕುಡಿಯುವ ಕಾಫಿ ಬೀಜವೂ ಅಷ್ಟೆ; ಅದರ ಒಂದು ತುದಿಯಲ್ಲಿ ಅಡಗಿರುವ ಪುಟ್ಟ ಭ್ರೂಣವನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಭ್ರೂಣಾಹಾರ. ಅವರೆ, ತೊಗರಿಗಳಲ್ಲಿ ಬೀಜ ಬಲಿಯುವ ಹೊತ್ತಿಗೆ ಭ್ರೂಣವು ಈ ಆಹಾರವನ್ನೆಲ್ಲ ತನ್ನ ಬೀಜದಳಗಳಿಗೆ ಎಳೆದುಕೊಂಡುಬಿಟ್ಟಿರುತ್ತದೆ. ಬೇಳೆ ಒಡೆದಾಗ ನಮ್ಮ ಕೈಗೆ ಬರುವ ಎರಡು ಹೋಳು ಆ ಬೀಜದಳಗಳು.

ನೀರು ಸಾಗಿಸುವ ಅಗಲ ಕೊಳವೆಗಳು, ಅಂಡಾಶಯವೇ ಹಣ್ಣಾಗಿ ಬಲಿಯುವುದು, ಕೀಟ ಹಕ್ಕಿ ಬಾವಲಿಗಳೊಂದಿಗೆ ಬೆಳೆಸಿಕೊಂಡ ಕೊಡುಕೊಳೆ ಮೊದಲಾದ ಇತರ ಲಕ್ಷಣಗಳನ್ನು ಪಠ್ಯಪುಸ್ತಕಗಳಲ್ಲಿ ಓದಿದ್ದೀರಿ, ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಗಾಳಿ ಮರದ ಸೂಜಿಯಂಥ ಹಸಿರು ಎಳೆಗಳನ್ನೂ ಮರದಂತೆ ಗಟ್ಟಿಯಾದ ಕಾಯಿಗಳನ್ನೂ ನೋಡಿ ಅದನ್ನು ಪೈನ್ ಮರಗಳ ಜೊತೆ ಸೇರಿಸುವ ವಿದ್ಯಾರ್ಥಿಗಳು ಬಹಳ. ಆ ಎಳೆಗಳು ಎಲೆಗಳಲ್ಲ, ಗೆಣ್ಣುಗಳುಳ್ಳ ಸಣ್ಣ ಕೊಂಬೆಗಳು. ನಿಜವಾದ ಎಲೆಗಳು ಪ್ರತಿ ಗೆಣ್ಣಿನ ಸುತ್ತ ಹಲ್ಲುಗಳಂತೆ ಕುಗ್ಗಿಹೋಗಿವೆ, ಮತ್ತು ಅದರ ಅಂಡಕ ಮುಚ್ಚಿದ ಅಂಡಾಶಯದಲ್ಲಿಯೇ ಇದೆ. ಗಾಳಿ ಮರ ಅಪ್ಪಟ ಹೂ ಬಿಡುವ ಸಸ್ಯ. ಕೆರೆಯ ಮೇಲೆ ಹಸಿರು ರವೆಯಂತೆ ತೇಲುವ, ಒಂದು ಮಿಲಿಮೀಟರ್ ಆಸುಪಾಸಿನ ವುಲ್ಫಿಯಾ ಕೂಡ ಹೂ ಬಿಡುವ ಸಸ್ಯವೇ. ಇಂಡೋನೇಷ್ಯಾದ ಕಾಡಿನಲ್ಲಿ ಸುಮಾರು ಒಂದು ಮೀಟರ್ ಅಗಲದ ಹೂ ಅರಳಿಸುವ ರಫ್ಲೇಸಿಯಾ ಕೂಡ.

ಹೀಗೆ ಸುಮಾರು ಮೂರು ಲಕ್ಷ ಪ್ರಭೇದಗಳಿರುವ ಸಮೂಹವನ್ನು ವಿಂಗಡಿಸುವುದು ಹೇಗೆ? ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಕೇಸರಗಳನ್ನು ಎಣಿಸುವ ದಾರಿ ಹಿಡಿದನು. ಅವನ 24 ವರ್ಗಗಳಲ್ಲಿ ಕೊನೆಯದು ಹೂ ಕಾಣದ ಸಸ್ಯಗಳಿಗೆ ಮೀಸಲು. ಉಳಿದ 23 ವರ್ಗಗಳು ಕೇಸರಗಳ ಸಂಖ್ಯೆ, ಉದ್ದ, ಕೂಡಿಕೆ ಮುಂತಾದವುಗಳ ಮೇಲೆ ನಿಂತಿದ್ದವು. ಹೊಸ ಗಿಡವೊಂದು ಕೈಗೆ ಬಂದಾಗ ಅದರ ಜಾಗ ಹುಡುಕಲು ಇದಕ್ಕಿಂತ ಸುಲಭದ ವಿಧಾನ ಬೇರೊಂದಿರಲಿಲ್ಲ, ಮತ್ತು ಪ್ರತಿ ಪ್ರಭೇದಕ್ಕೂ ಎರಡು ಪದಗಳ ಹೆಸರು ಕೊಡುವ ಕ್ರಮವನ್ನು ಅವನು ನೆಲೆಗೊಳಿಸಿದ್ದರಿಂದ ಇಂದಿಗೂ ನಾವು ಅವನ ಋಣದಲ್ಲಿದ್ದೇವೆ. ಆದರೆ ಎಣಿಕೆ ನೆಂಟಸ್ತಿಕೆಯನ್ನು ಹೇಳುವುದಿಲ್ಲ. ಐದು ಕೇಸರಗಳ ವರ್ಗದಲ್ಲಿ ಕಾಫಿ, ಆಲೂಗಡ್ಡೆ, ಮಾವು ಮೂರೂ ಒಟ್ಟಿಗೆ ಬಂದು ಕೂತವು. ಕೇಸರ ಅಸಂಖ್ಯವಾಗಿದ್ದುದರಿಂದ ನೈದಿಲೆ, ತಾವರೆಗಳು ಒಂದೇ ವರ್ಗಕ್ಕೆ ಸೇರಿದ್ದು ಮಾತ್ರವಲ್ಲ, ಲಿನೇಯಸ್ ತಾವರೆಯನ್ನು ನೈದಿಲೆಯ ಜಾತಿಯೊಳಗೇ, ಅಂದರೆ ತೀರ ಹತ್ತಿರದ ಪ್ರಭೇದಗಳ ಗುಂಪಿನೊಳಗೇ ಸೇರಿಸಿ ನಿಂಫಿಯಾ ನೆಲುಂಬೊ ಎಂದು ಹೆಸರಿಟ್ಟನು. ತಾವರೆಗೆ ನೆಲುಂಬೊ ನ್ಯೂಸಿಫೆರಾ ಎಂಬ ಈಗಿನ ಹೆಸರು ಬಂದದ್ದು 1788ರಲ್ಲಿ, ಜರ್ಮನಿಯ ಸಸ್ಯವಿಜ್ಞಾನಿ ಗೇರ್ಟ್ನರನಿಂದ.

ಒಂದೇ ಗುಣವನ್ನು ನೆಚ್ಚದೆ ಹಲವು ಗುಣಗಳನ್ನು ಒಟ್ಟಾಗಿ ತೂಗಿ ಕುಟುಂಬಗಳನ್ನು ಕಟ್ಟುವ ಸಹಜ ಪದ್ಧತಿಯನ್ನು ಫ್ರಾನ್ಸಿನ ಜುಸ್ಯೂ 1789ರಲ್ಲಿ ಮಂಡಿಸಿದನು. ಆ ದಾರಿಯ ಶಿಖರವೆಂದರೆ ಇಂಗ್ಲೆಂಡಿನ ಬೆಂತಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ವರ್ಗೀಕರಣ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಕಲಿತದ್ದು ಇದನ್ನೇ: ದ್ವಿದಳ ಸಸ್ಯಗಳಲ್ಲಿ ಬಿಡಿ ದಳದವು, ಕೂಡು ದಳದವು, ದಳ ಮತ್ತು ಪುಷ್ಪಪತ್ರಗಳ ಭೇದವಿಲ್ಲದವು, ಅವುಗಳ ಬಳಿಕ ಏಕದಳ ಸಸ್ಯಗಳು. ದ್ವಿದಳ, ಏಕದಳಗಳ ನಡುವೆ ಸೈಕಸ್‌ನಂಥ ನಗ್ನಬೀಜ ಸಸ್ಯಗಳನ್ನು ತಂದು ಕೂರಿಸಿದ್ದು ಈ ಪದ್ಧತಿಯ ದೊಡ್ಡ ಕೊರತೆ. ಆದರೆ ಇದರ ಶಕ್ತಿ ಇದ್ದದ್ದು ಬೇರೆ ಕಡೆ: ಸುಮಾರು 97,000 ಪ್ರಭೇದಗಳ ಈ ಕೆಲಸದಲ್ಲಿ ಅವರು ಹಿಂದಿನವರ ವಿವರಣೆಯನ್ನು ನಕಲು ಮಾಡದೆ ಸಾಧ್ಯವಾದಲ್ಲೆಲ್ಲ ಗಿಡದ ಮಾದರಿಯನ್ನೇ ಬಿಡಿಸಿ ನೋಡಿ ಬರೆದರು. ಅಷ್ಟು ನಿಷ್ಠೆಯಿಂದ ನೋಡಿದವರೂ ತಾವರೆಯನ್ನು ನೈದಿಲೆಯ ಕುಟುಂಬದಲ್ಲಿಯೇ ಉಳಿಸಿದರು ಎಂಬುದನ್ನು ಗಮನಿಸಬೇಕು.

ವ್ಯತ್ಯಾಸಗಳು ಕಾಣದೆ ಇರಲಿಲ್ಲ. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಸೀಳಿದೆ, ಅದು ನೀರಿನ ಮೇಲೆ ಒರಗಿರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ, ತೊಟ್ಟು ಎಲೆಯ ನಡುವಿಗೆ ಸೇರುತ್ತದೆ, ಬಲಿತ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನೈದಿಲೆಯ ಕಾರ್ಪೆಲ್‌ಗಳು ಒಂದಕ್ಕೊಂದು ಕೂಡಿಕೊಂಡು, ಹಲವು ಬೀಜಗಳ ಮೆತ್ತನೆಯ ಕಾಯಾಗಿ ನೀರಿನ ಒಳಗೆ ಬಲಿಯುತ್ತವೆ. ತಾವರೆಯಲ್ಲಿ ಅವು ಬಿಡಿಬಿಡಿಯಾಗಿ, ಮಟ್ಟಸ ತಲೆಯ ಪುಷ್ಪಪೀಠದ ಕುಳಿಗಳಲ್ಲಿ ಹುದುಗಿದ್ದು, ಒಂದೊಂದೂ ಒಂದೇ ಬೀಜದ ಗಟ್ಟಿ ಕಾಯಾಗುತ್ತದೆ. ಈ ಪುಷ್ಪಪೀಠಕ್ಕೆ ಇನ್ನೊಂದು ವಿಶೇಷವಿದೆ: ಹೂ ಅರಳಿರುವ ದಿನಗಳಲ್ಲಿ ಅದು ತಾನೇ ಶಾಖ ಉತ್ಪಾದಿಸಿಕೊಂಡು, ಹೊರಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗಲೂ, 30ರಿಂದ 36 ಡಿಗ್ರಿಯ ಬಿಸಿಯನ್ನು ಕಾಯ್ದುಕೊಳ್ಳಬಲ್ಲದು. ಬೀಜದ ಒಳಗೂ ಭೇದವಿದೆ. ತಾವರೆ ಬೀಜದ ಆಹಾರವೆಲ್ಲ ದಪ್ಪನೆಯ ಬೀಜದಳಗಳಲ್ಲಿ ಇರುತ್ತದೆ. ನೈದಿಲೆಯಲ್ಲಿ ತಾಯಿಗಿಡದ ಅಂಗಾಂಶವೇ ಆಹಾರದ ಮುಖ್ಯ ಕಣಜ, ಭ್ರೂಣಾಹಾರ ಬಹಳ ಕಡಿಮೆ, ಅದೂ ಮೂರು ಪಾಲಿನದಲ್ಲ, ಎರಡು ಪಾಲು ವರ್ಣತಂತುಗಳದು.

ಎಲ್ಲಕ್ಕಿಂತ ಹೆಚ್ಚು ತೂಕದ ಸಾಕ್ಷ್ಯವಿದ್ದದ್ದು ಪರಾಗದಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಾವರೆಯ ಪರಾಗಕಣದ ಮೈಮೇಲೆ ಮೂರು ಸೀಳುಗಳಿವೆ. ನೈದಿಲೆಯ ಪರಾಗದಲ್ಲಿ ಆ ಮೂರು ಸೀಳುಗಳಿಲ್ಲ. ಇದು ಸಣ್ಣ ಸಂಗತಿಯಂತೆ ತೋರಬಹುದು. ಹೂ ಬಿಡುವ ಸಸ್ಯಗಳ ಚರಿತ್ರೆಯಲ್ಲಿ ಮೂರು ಸೀಳಿನ ಪರಾಗ ಮೂಡಿದ್ದು ದೊಡ್ಡದೊಂದು ಕವಲೊಡೆಯುವಿಕೆಯ ಗುರುತು ಎಂದು ಈಗ ತಿಳಿದಿದೆ. ಆ ಕವಲಿಗೆ ಸೇರಿದ ಸಸ್ಯಗಳನ್ನು ಯೂಡೈಕಾಟ್, ಅಂದರೆ ನಿಜ ದ್ವಿದಳ ಸಸ್ಯಗಳು ಎನ್ನುತ್ತಾರೆ. ನೈದಿಲೆ ಆ ಕವಲು ಹುಟ್ಟುವುದಕ್ಕೂ ಬಹಳ ಹಿಂದೆಯೇ ಬೇರೆಯಾದ ವಂಶ.

ಕೊನೆಯ ತೀರ್ಪು ಬಂದದ್ದು ಡಿಎನ್‌ಎಯಿಂದ. 1993ರಲ್ಲಿ ಅನೇಕ ದೇಶಗಳ ಸಸ್ಯವಿಜ್ಞಾನಿಗಳು ಒಟ್ಟಾಗಿ, ದ್ಯುತಿಸಂಶ್ಲೇಷಣೆಗೆ ಅಗತ್ಯವಾದ ಆರ್‌ಬಿಸಿಎಲ್ ಎಂಬ ಜೀನನ್ನು ಸುಮಾರು 500 ಬೀಜಸಸ್ಯಗಳಲ್ಲಿ ಓದಿ ಹೋಲಿಸಿದಾಗ, ತಾವರೆಯು ನೈದಿಲೆಯನ್ನು ಬಿಟ್ಟು ಕಾಶ್ಮೀರದ ಚಿನಾರ್‌ನಂಥ ಪ್ಲೇನ್ ಮರ ಹಾಗೂ ಸಿಲ್ವರ್ ಓಕ್‌ನ ಪ್ರೋಟಿಯೇಸೀ ಕುಟುಂಬದ ಪಕ್ಕಕ್ಕೆ ಹೋಗಿ ನಿಂತಿತು. ಇಂಥ ಅಧ್ಯಯನಗಳ ಆಧಾರದ ಮೇಲೆ ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್, ಸಂಕ್ಷೇಪವಾಗಿ ಎಪಿಜಿ, ತನ್ನ ಮೊದಲ ವರ್ಗೀಕರಣವನ್ನು 1998ರಲ್ಲಿ ಪ್ರಕಟಿಸಿತು. 2003, 2009, 2016ರಲ್ಲಿ ಅದನ್ನು ಪರಿಷ್ಕರಿಸಿತು. 2016ರ ಆವೃತ್ತಿಯಲ್ಲಿ 64 ಗಣಗಳೂ (ಗಣವೆಂದರೆ ನೆಂಟ ಕುಟುಂಬಗಳ ಗುಂಪು) 416 ಕುಟುಂಬಗಳೂ ಇವೆ. ಅದರ ಪ್ರೋಟಿಯೇಲೀಸ್ ಗಣದಲ್ಲಿ ತಾವರೆ, ಪ್ಲೇನ್ ಮರ, ಸಿಲ್ವರ್ ಓಕ್‌ಗಳ ಕುಟುಂಬಗಳ ಜೊತೆಗೆ, ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮೆಲಿಯೋಸ್ಮಾ ಮರಗಳ ಕುಟುಂಬವೂ ಇದೆ. ಈ ನೆಂಟರು ಒಬ್ಬರನ್ನೊಬ್ಬರು ಬಿಟ್ಟು ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಒಂದು ವಂಶ ನೀರಿಗೆ ಇಳಿಯಿತು, ಮತ್ತೊಂದು ಮರವಾಗಿ ಉಳಿಯಿತು; ಅಷ್ಟು ಕಾಲ ನೀರಿನಲ್ಲಿ ಬಾಳಿದ ತಾವರೆಯು ಬೇರೆ ವಂಶದ ನೈದಿಲೆಯನ್ನು ಹೊರರೂಪದಲ್ಲಿ ಹೋಲುವಂತಾದದ್ದು ಒಂದೇ ಬಗೆಯ ಬದುಕಿನಿಂದ, ಒಂದೇ ಬಗೆಯ ಹುಟ್ಟಿನಿಂದಲ್ಲ.

ಹೊಸ ವರ್ಗೀಕರಣದ ಒಟ್ಟು ಚೌಕಟ್ಟನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಕಲೇಶಪುರದ್ದೋ ಮೂಡಿಗೆರೆಯದ್ದೋ ಒಂದು ಕಾಫಿ ತೋಟ ಮತ್ತು ಅದರ ಕೆಳಗಿನ ಕೆರೆ ಸಾಕು. ಎಲ್ಲ ಹೂ ಬಿಡುವ ಸಸ್ಯಗಳಿಂದ ಮೊದಲು ಬೇರೆಯಾದ ವಂಶದಲ್ಲಿ ಈಗ ಉಳಿದಿರುವುದು ನ್ಯೂ ಕ್ಯಾಲೆಡೋನಿಯಾ ದ್ವೀಪದ ಆಂಬೊರೆಲ್ಲಾ ಎಂಬ ಒಂದೇ ಪೊದೆ, ಅದೊಂದು ನಮ್ಮಲ್ಲಿಲ್ಲ. ಅದರ ಬಳಿಕ ಬೇರೆಯಾದದ್ದು ನೈದಿಲೆಯ ವಂಶ, ಅದು ಕೆರೆಯಲ್ಲಿದೆ. ಸಿಲ್ವರ್ ಓಕ್‌ಗೆ ಹಬ್ಬಿಸಿದ ಕರಿಮೆಣಸು, ಅಂಗಳದ ಸಂಪಿಗೆ, ಬೇಲಿಯ ಬದಿಯ ದಾಲ್ಚಿನ್ನಿ, ಸೀತಾಫಲ ಇವು ಮ್ಯಾಗ್ನೋಲಿಡ್ ಎಂಬ ಹಳೆಯ ಕವಲು. ಇವುಗಳ ಬೀಜದಲ್ಲಿ ಎರಡು ದಳಗಳಿದ್ದುದರಿಂದ ಹಿಂದೆ ಇವನ್ನು ದ್ವಿದಳ ಸಸ್ಯಗಳೆಂದು ಕರೆದರು. ಆದರೆ ಇವುಗಳ ಪರಾಗದಲ್ಲಿಯೂ ಮೂರು ಸೀಳುಗಳಿಲ್ಲ. ಸಂಪಿಗೆಯ ಹೂವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಬಿಡಿಸಿ ನೋಡಲು ಹೇಳಿ: ಪುಷ್ಪಪತ್ರವೆಂದೂ ದಳವೆಂದೂ ಭೇದವಿಲ್ಲದ ಎಸಳುಗಳು, ಉದ್ದನೆಯ ಕಡ್ಡಿಯೊಂದರ ಸುತ್ತ ಸುರುಳಿಯಾಗಿ ಏರುವ ಕೇಸರಗಳು, ಅವುಗಳ ಮೇಲೆ ಅದೇ ಸುರುಳಿಯಲ್ಲಿ ಬಿಡಿ ಕಾರ್ಪೆಲ್‌ಗಳು. ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಹೂವನ್ನು ನಾನು ಕಂಡಿಲ್ಲ.

ಏಕದಳ ಸಸ್ಯಗಳ ಗುಂಪು ಹಳೆಯ ಪದ್ಧತಿಯಲ್ಲಿಯೂ ಹೊಸದರಲ್ಲಿಯೂ ಹಾಗೆಯೇ ಉಳಿದಿದೆ. ರಾಗಿ, ಭತ್ತ, ಅಡಿಕೆ, ಬಾಳೆ, ಏಲಕ್ಕಿ ಎಲ್ಲರಿಗೂ ಗೊತ್ತಿರುವವು. ಎಲೆಯ ನರಗಳು ಸಮಾಂತರವಾಗಿರಬೇಕೆಂಬ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಕಲಿಸಬೇಡಿ, ಏಕೆಂದರೆ ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿ ನರಗಳು ಬಲೆಯಂತಿವೆ, ಆದರೂ ಅದು ಏಕದಳವೇ. ತೋಟದ ಮರಗಳ ಮೇಲೆ ಮಳೆಗಾಲದ ಹೊಸ್ತಿಲಲ್ಲಿ ಗೊಂಚಲಾಗಿ ಇಳಿಬಿಡುವ ಸೀತಾಳೆ ದಂಡೆಯೂ ಈ ಗುಂಪಿನ ಆರ್ಕಿಡ್ ಕುಟುಂಬದ್ದು. ಆರ್ಕಿಡ್‌ಗಳ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಭ್ರೂಣಾಹಾರವೇ ಇರುವುದಿಲ್ಲ, ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ.

ಇನ್ನು ನಿಜ ದ್ವಿದಳಗಳಲ್ಲಿ ಎರಡು ದೊಡ್ಡ ಬಣಗಳಿವೆ. ಗುಲಾಬಿಯ ಬಣದಲ್ಲಿ ಹಲಸು, ಅತ್ತಿ, ಕಿತ್ತಳೆ, ಮಾವು, ಅವರೆ, ಮುತ್ತುಗ, ದಾಸವಾಳ ಬರುತ್ತವೆ. ಸೇವಂತಿಗೆಯ ಬಣದಲ್ಲಿ ಕಾಫಿ, ಆಲೂಗಡ್ಡೆ, ಗುರ್ಗಿ, ಸೂರ್ಯಕಾಂತಿ. ಕಾಫಿಯ ಕುಟುಂಬವನ್ನು ಗುರುತಿಸುವುದು ಸುಲಭ: ಎದುರುಬದುರಾದ ಎಲೆಗಳು, ಎರಡು ತೊಟ್ಟುಗಳ ನಡುವೆ ಒಂದು ಪುಟ್ಟ ಉಪಪತ್ರ, ಕೂಡಿದ ದಳಗಳ ಕೊಳವೆ, ಅದರ ಕೆಳಗೆ ಅಂಡಾಶಯ. ಇದನ್ನು ಒಮ್ಮೆ ಕಲಿತವರು ಹಾದಿಬದಿಯ ಕೇಪಳವನ್ನೂ ಕದಂಬವನ್ನೂ ಕಾಫಿಯ ನೆಂಟರೆಂದು ತಾವಾಗಿಯೇ ಹೇಳಬಲ್ಲರು. ಚಂದ್ರದ್ರೋಣ ಪರ್ವತದ ಗುರ್ಗಿಗಳ ವಿಷಯ ಬೇರೆ. ಅವುಗಳಲ್ಲಿ ಕುರಿಂಜಿಯಂಥವು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಒಟ್ಟಾಗಿ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತವೆ. ಹೂವಿನಿಂದಲೇ ಗುರುತು ಹಿಡಿಯಬೇಕಾದ ಶಾಸ್ತ್ರದಲ್ಲಿ ಇಂಥ ಗಿಡದ ಪ್ರಭೇದವನ್ನು ಖಚಿತಪಡಿಸಲು ಅದು ಅರಳುವ ವರ್ಷಕ್ಕೆ ಕಾಯಬೇಕಾಗುತ್ತಿತ್ತು. ಈಗ ಎಲೆಯೊಂದರ ಡಿಎನ್‌ಎ ಆ ಕಾಯುವಿಕೆಯನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿದೆ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ನೀಡಿದ ಉತ್ತರವನ್ನು ಇಲ್ಲಿ ದಾಖಲಿಸುತ್ತೇನೆ.

ಹೊಸ ಪದ್ಧತಿ ಬಂದ ಮೇಲೆ ಬೆಂತಮ್–ಹೂಕರ್ ಪದ್ಧತಿಯನ್ನು ಕಲಿಸುವ ಅಗತ್ಯವಿದೆಯೇ ಎಂದು ಶಿಕ್ಷಕರೊಬ್ಬರು ಕೇಳಿದರು. ಇದೆ, ಆದರೆ ನೆಂಟಸ್ತಿಕೆಯ ಪಟ್ಟಿಯಾಗಿ ಅಲ್ಲ, ಹೂವನ್ನು ನೋಡುವ ಶಿಸ್ತಾಗಿ. ಸಿಸಿಲ್ ಸಾಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಕುರಿತ ಗ್ರಂಥವನ್ನು ಪ್ರಕಟಿಸಿದರು. ಒಂದು ಜಿಲ್ಲೆಯ ಗಿಡಗಳ ಬಗ್ಗೆ ಅಷ್ಟು ವಿಸ್ತಾರವಾದ ಕೃತಿ ಇರುವುದು ಈ ಜಿಲ್ಲೆಯ ಭಾಗ್ಯ. ಆ ಕೆಲಸ ನಡೆದದ್ದು ಕಾಡಿನಲ್ಲಿ ಗಿಡ ಸಂಗ್ರಹಿಸಿ, ಒಣಗಿಸಿ, ಹೂ ಬಿಡಿಸಿ, ಹರ್ಬೇರಿಯಂನ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದ ಮಾದರಿಗಳೊಂದಿಗೆ ಹೋಲಿಸಿ. ಡಿಎನ್‌ಎ ಓದುವವರಿಗೂ ತಾವು ಓದುತ್ತಿರುವುದು ಯಾವ ಗಿಡದ್ದು ಎಂದು ಹೇಳಲು ಅಂಥದೊಂದು ಮಾದರಿ ಬೇಕೇ ಬೇಕು. ಆದ್ದರಿಂದ ಮಕ್ಕಳು ಮೊದಲು ದಾಸವಾಳದ ಅಂಡಾಶಯವನ್ನು ಅಡ್ಡಲಾಗಿ ಕೊಯ್ದು ಅದರ ಐದು ಕೋಣೆಗಳನ್ನು ಎಣಿಸಲಿ. 64 ಗಣಗಳ ಹೆಸರು ಆಮೇಲೆ ಬಂದರೆ ಸಾಕು.

ಈ ನೆಂಟಸ್ತಿಕೆಯಿಂದ ತೋಟಕ್ಕೆ ಏನು ಪ್ರಯೋಜನ ಎಂಬುದು ಬೆಳೆಗಾರರ ಪ್ರಶ್ನೆ. ಕಸಿ ಮತ್ತು ತಳಿ ಮಿಶ್ರಣಗಳೆರಡೂ ನೆಂಟಸ್ತಿಕೆಯ ಮಿತಿಯೊಳಗೇ ನಡೆಯುತ್ತವೆ. ಮೆಣಸಿನ ಬಳ್ಳಿ ವರ್ಷಗಟ್ಟಲೆ ಸಿಲ್ವರ್ ಓಕ್‌ನ ಮೈಗೆ ಅಂಟಿಕೊಂಡು ಬೆಳೆದರೂ ಅದಕ್ಕೆ ಕಸಿಯಾಗಿ ಕೂಡದು. ಆದರೆ ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರಿನಮ್ ಮೆಣಸಿನದೇ ಜಾತಿಯ ಗಿಡವಾದ್ದರಿಂದ, ಮತ್ತು ಸೊರಗು ರೋಗ ತರುವ ಫೈಟಾಫ್ತೊರಾವನ್ನು ಆ ಗಿಡದ ಬೇರು ತಡೆಯಬಲ್ಲದ್ದರಿಂದ, ಅದರ ಮೇಲೆ ಮೆಣಸನ್ನು ಕಸಿ ಕಟ್ಟುತ್ತಾರೆ. ಕಾಫಿಯ ಕಥೆ ಇನ್ನೂ ಹತ್ತಿರದ್ದು. ಅರೇಬಿಕಾ ಎಂಬ ಪ್ರಭೇದ ತಾನೇ, ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಪ್ರಭೇದಗಳು ಆಫ್ರಿಕಾದಲ್ಲಿ ಸಹಜವಾಗಿ ಬೆರೆತು ಹುಟ್ಟಿದ್ದು. ಆದ್ದರಿಂದಲೇ ರೊಬಸ್ಟಾದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಸ್.795 ತಳಿಯ ಪೂರ್ವಿಕರಲ್ಲಿ ಅರೇಬಿಕಾ ಮಾತ್ರವಲ್ಲ, ಲೈಬೀರಿಕಾ ಎಂಬ ಇನ್ನೊಂದು ಕಾಫಿ ಪ್ರಭೇದವೂ ಇದೆ; ಅರೇಬಿಕಾ ಮತ್ತು ಲೈಬೀರಿಕಾ ಸಹಜವಾಗಿ ಬೆರೆತ ಗಿಡದಿಂದ ಆಯ್ದ ಎಸ್.288 ಅನ್ನು ಕೆಂಟ್ಸ್ ಎಂಬ ಅರೇಬಿಕಾ ತಳಿಯೊಂದಿಗೆ ಕೂಡಿಸಿ ಅದನ್ನು ಪಡೆದರು. ಎಲೆತುಕ್ಕು ರೋಗವನ್ನು ತಾಳುವ ಗುಣ ಆ ತಳಿಗೆ ಬಂದದ್ದು ಈ ಲೈಬೀರಿಕಾ ಕಡೆಯಿಂದ.